ಮಾಯವಾಗೋ ಫೋಟೋಗೂ ಒಂದು ಲೆಕ್ಕದ ಪುಸ್ತಕ

(1/8)

ಈ ಫೋಟೋದಲ್ಲಿ ಇರೋದು ನಮ್ಮನೆ ಸೀಲಿಂಗ್ ಫ್ಯಾನ್. ಮೂಲೇಲಿ ಜೇಡರ ಬಲೆ ಕಾಣ್ತಿದೆ, ಅಮ್ಮ ಈ ಪೋಸ್ಟ್ ನೋಡಿದ್ರೆ ನಂಗೆ ಬೈಗುಳ ಗ್ಯಾರಂಟಿ. ಇದೇ ಫ್ಯಾನ್ ಫೋಟೋನ ನಾನು ನನ್ನ ಒಬ್ಬ ಫ್ರೆಂಡ್‌ಗೆ ಕಮ್ಮಿ ಅಂದ್ರೂ ಇನ್ನೂರು ಸಲ ಕಳಿಸಿದ್ದೀನಿ. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ, ಹಾಸಿಗೆಯಿಂದ ಏಳೋದಕ್ಕೂ ಮುಂಚೆ, ಫೋನ್ ಮೇಲಕ್ಕೆ ಹಿಡಿದು ಒಂದು ಕ್ಲಿಕ್. ಮೇಲೆ 'ಎಸ್' ಅಂತ ಒಂದಕ್ಷರ. ಹನ್ನೊಂದು ಜನಕ್ಕೆ ಸೆಂಡ್. ಆಮೇಲೆ ಹಲ್ಲುಜ್ಜೋದು.

ಸ್ನ್ಯಾಪ್‌ಚಾಟ್ ಇರೋರಿಗೆ ಈಗಾಗಲೇ ಅರ್ಥ ಆಗಿರುತ್ತೆ. ಇಲ್ಲದೋರಿಗೆ ಹೇಳ್ತೀನಿ: ಇಬ್ಬರು ಒಬ್ಬರಿಗೊಬ್ಬರು ದಿನಾ ಒಂದಾದ್ರೂ ಸ್ನ್ಯಾಪ್ ಕಳಿಸ್ತಾ ಹೋದ್ರೆ ಹೆಸರಿನ ಪಕ್ಕ ಒಂದು ಬೆಂಕಿ ಚಿಹ್ನೆ, ಅದರ ಪಕ್ಕ ಎಷ್ಟು ದಿನ ಅನ್ನೋ ಸಂಖ್ಯೆ ಬರುತ್ತೆ. ಅದೇ ಸ್ಟ್ರೀಕ್. 24 ಗಂಟೆ ಮುಗಿಯೋಕೆ ಬಂದ್ರೆ ಮರಳು ಗಡಿಯಾರ ಬರುತ್ತೆ. ಆಗಲೂ ಕಳಿಸ್ಲಿಲ್ಲ ಅಂದ್ರೆ ಬೆಂಕಿ ಆರುತ್ತೆ, ಸಂಖ್ಯೆ ಸೊನ್ನೆ.

ಹೋದ ವಾರ ನನ್ನ 412 ದಿನದ ಸ್ಟ್ರೀಕ್ ಸೊನ್ನೆ ಆಯ್ತು. ಮರೆತಿದ್ದಲ್ಲ, ನೆಟ್ ಇರ್ಲಿಲ್ಲ ಅಂತಲೂ ಅಲ್ಲ. ಬೇಕಂತಲೇ ಬಿಟ್ಟೆ. ಯಾಕೆ ಅಂತ ಹೇಳೋಕೆ ಒಂದು ಕ್ಯಾಪ್ಶನ್ ಸಾಲಲ್ಲ, ಅದಕ್ಕೇ ಎಂಟು ಪೋಸ್ಟ್. ಸ್ನ್ಯಾಪ್‌ಚಾಟ್ ಬಗ್ಗೆ ಅದರ ಎದುರಾಳಿ ಆಪ್‌ನಲ್ಲಿ ಕೂತು ಬರೀತಿದ್ದೀನಿ ಅಂತ ನಗಬೇಡಿ. ಅಲ್ಲಿ ಬರೆದ್ರೆ ನಾಳೆ ಹೊತ್ತಿಗೆ ಮಾಯ ಆಗಿರುತ್ತೆ!

(2/8)

ಮೊದಲು ಒಂದು ಮಾತು ಸ್ಪಷ್ಟ ಮಾಡ್ಬಿಡ್ತೀನಿ. ಇದು "ಮೊಬೈಲ್‌ನಿಂದ ಯುವಜನತೆ ಹಾಳಾಗ್ತಿದ್ದಾರೆ" ಅನ್ನೋ ಭಾಷಣ ಅಲ್ಲ. ಅದನ್ನ ನಮ್ಮ ದೊಡ್ಡಪ್ಪ ಯಾವ ಹಬ್ಬಕ್ಕೆ ಬಂದ್ರೂ ಫ್ರೀಯಾಗಿ ಕೊಡ್ತಾರೆ. ನಂಗೆ ಸ್ನ್ಯಾಪ್‌ಚಾಟ್ ಇಷ್ಟ. ಯಾಕೆ ಇಷ್ಟ ಅಂತ ಪ್ರಾಮಾಣಿಕವಾಗಿ ಹೇಳದೆ ಬರೀ ಬೈದ್ರೆ ನೀವು ನಂಬಲ್ಲ.

2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೂವರು ಹುಡುಗರು ಸೇರಿ ಇದನ್ನ ಶುರು ಮಾಡಿದ್ರು: ಇವಾನ್ ಸ್ಪೀಗೆಲ್, ಬಾಬಿ ಮರ್ಫಿ, ರೆಜಿ ಬ್ರೌನ್. ಆಗ ಅದರ ಹೆಸರು ಪಿಕಾಬೂ. ಅದೇ ವರ್ಷ ಸ್ನ್ಯಾಪ್‌ಚಾಟ್ ಅಂತ ಬದಲಾಯ್ತು. (ಮೂರನೇ ಹುಡುಗನನ್ನ ಬೇಗನೇ ಹೊರಗೆ ಹಾಕಿದ್ರು. ಅವನು ಕೋರ್ಟಿಗೆ ಹೋದ. ಕೊನೆಗೆ 2014ರಲ್ಲಿ 15.75 ಕೋಟಿ ಡಾಲರ್‌ಗೆ ರಾಜಿ ಆಯ್ತು. "ಪಾರ್ಟ್‌ನರ್‌ಶಿಪ್ ಡೀಡ್ ಬರವಣಿಗೆಯಲ್ಲಿ ಯಾಕಿರಬೇಕು" ಅನ್ನೋ ಐದು ಮಾರ್ಕಿನ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?)

ಅವರ ಐಡಿಯಾ ಒಂದೇ ಸಾಲಿಂದು. ಫೋಟೋ ಕಳಿಸು, ಆ ಕಡೆಯವರು ಒಂದರಿಂದ ಹತ್ತು ಸೆಕೆಂಡ್ ನೋಡಲಿ, ಆಮೇಲೆ ಅದು ಹೋಗಲಿ. ಅಷ್ಟೇ. ಆ ಕಾಲದ ಉಳಿದ ಆಪ್‌ಗಳೆಲ್ಲ "ಉಳಿಸು, ಸೇರಿಸು, ಆಲ್ಬಮ್ ಮಾಡು" ಅಂತಿದ್ವು. ಇದೊಂದು ಮಾತ್ರ ಬಿಟ್ಟುಬಿಡು ಅಂತು.

ಇದರ ಬೆಲೆ ನಮ್ಮಂಥ ಮನೆಗಳಲ್ಲಿ ಬೆಳೆದೋರಿಗೆ ಚೆನ್ನಾಗಿ ಗೊತ್ತು. ನಮ್ಮ ಕಡೆ ಫೋನ್ ಗ್ಯಾಲರಿ ಅಂದ್ರೆ ಊರ ಮುಂದಿನ ಅರಳಿಕಟ್ಟೆ ಇದ್ದ ಹಾಗೆ, ಯಾರು ಬೇಕಾದ್ರೂ ಬಂದು ಕೂರಬಹುದು. ಮದುವೆ ಮನೇಲಿ ಒಂದು ಫೋಟೋ ತೋರಿಸೋಣ ಅಂತ ಚಿಕ್ಕಮ್ಮನ ಕೈಗೆ ಫೋನ್ ಕೊಟ್ಟು ನೋಡಿ. ಒಂದು ನೋಡಿ ನಿಲ್ಲಿಸ್ತಾರಾ? ಎಡಕ್ಕೆ ಸರಿಸಿ, ಬಲಕ್ಕೆ ಸರಿಸಿ, "ಇದ್ಯಾರೇ ಈ ಹುಡುಗ?" ಅನ್ನೋವರೆಗೂ ಬಿಡಲ್ಲ. ಅವನು ಕ್ಲಾಸಿನ ಸೆಮಿನಾರ್ ಗ್ರೂಪ್‌ನ ಹುಡುಗ ಅಂತ ಹೇಳಿದ್ರೆ ಅರ್ಧ ನಂಬ್ತಾರೆ.

ಅದಕ್ಕೇ ಹತ್ತು ಸೆಕೆಂಡಿನ ಫೋಟೋ ನಮಗೆ ಒಂದು ಬಾಗಿಲು ಹಾಕ್ಕೊಳ್ಳೋ ಕೋಣೆ ಆಯ್ತು. ಮೂಗು ಸುಕ್ಕಿಸಿ, ಕಣ್ಣು ಮೆಳ್ಳೆ ಮಾಡಿ, ಎಣ್ಣೆ ಹಚ್ಚಿದ ತಲೇಲಿ, ಮೊಡವೆಗೆ ಟೂತ್‌ಪೇಸ್ಟ್ ಹಾಕ್ಕೊಂಡು ತೆಗೆದ ಫೋಟೋನ ಧೈರ್ಯವಾಗಿ ಕಳಿಸಬಹುದಿತ್ತು. ಲೈಕ್ ಲೆಕ್ಕ ಇಲ್ಲ, ಕೆಳಗೆ ಸಾಲು ಕಾಮೆಂಟ್ ಇಲ್ಲ. ಆಪ್ ತೆಗೆದ್ರೆ ಮೊದಲು ಬರೋದು ಕ್ಯಾಮೆರಾ. ಬೇರೆಯವರ ಜೀವನ ನೋಡು ಅನ್ನಲ್ಲ, ನಿನ್ನ ಮುಂದೆ ಏನಿದೆ ತೋರಿಸು ಅನ್ನುತ್ತೆ. ಈ ಸಣ್ಣ ವ್ಯತ್ಯಾಸವೇ ಅದರ ಪೂರ್ತಿ ಗುಟ್ಟು ಅಂತ ನಂಗನ್ಸುತ್ತೆ.

(3/8)

ಆದ್ರೆ ಮಾಯ ಆಗುತ್ತೆ ಅನ್ನೋದು ಎಷ್ಟು ನಿಜ?

2014ರ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದೇ ಪ್ರಶ್ನೆ ಕೇಳಿ ಕಂಪನಿಯನ್ನ ರಾಜಿಗೆ ಕೂರಿಸ್ತು. ಸಂದೇಶ ಶಾಶ್ವತವಾಗಿ ಮಾಯ ಆಗುತ್ತೆ ಅಂತ ಜನಕ್ಕೆ ಹೇಳ್ತಿದ್ದೀರಲ್ಲ, ಅದನ್ನ ಉಳಿಸಿಕೊಳ್ಳೋಕೆ ಸುಮಾರು ದಾರಿ ಇದೆ ಅಂತ ಯಾಕೆ ಹೇಳಲಿಲ್ಲ, ಅನ್ನೋದು ಅವರ ಆರೋಪ. ಆವಾಗಿಂದ ಕಂಪನಿ ಮಾತಾಡೋ ರೀತಿ ಬದಲಾಯ್ತು.

ಸ್ಕ್ರೀನ್‌ಶಾಟ್ ತೆಗೆದ್ರೆ ಕಳಿಸಿದವರಿಗೆ ಗೊತ್ತಾಗುತ್ತೆ, ಹೌದು. ಇನ್ನೊಂದು ಫೋನ್ ಹಿಡಿದು ಫೋಟೋ ತೆಗೆದ್ರೆ? ಯಾರಿಗೂ ಗೊತ್ತಾಗಲ್ಲ. ಹುಡುಗೀರೇ, ಇದನ್ನ ಎರಡು ಸಲ ಓದಿ. ಆಪ್ ಮರೆತರೂ ಎದುರಿಗಿರೋ ಮನುಷ್ಯ ಮರೀತಾನೆ ಅಂತ ಏನಿಲ್ಲ. ಈ ವಿಷಯದಲ್ಲಿ ಇದಕ್ಕಿಂತ ಜಾಸ್ತಿ ಹೇಳೋದು ನಂಗಿಲ್ಲ, ನಿಮಗೆಲ್ಲ ಗೊತ್ತಿರೋದೇ.

(4/8)

ಈಗ ಫೀಚರ್‌ಗಳ ಕಥೆಗೆ ಬರ್ತೀನಿ. 2012ರ ಕೊನೇಲಿ ವಿಡಿಯೋ ಬಂತು. 2013ರ ಅಕ್ಟೋಬರ್‌ನಲ್ಲಿ ಸ್ಟೋರೀಸ್ ಬಂತು: 24 ಗಂಟೆ ಇರೋ ಫೋಟೋಗಳ ಸಾಲು. ಅದೇ ವರ್ಷ ಫೇಸ್‌ಬುಕ್ 300 ಕೋಟಿ ಡಾಲರ್ ಕೊಡ್ತೀವಿ ಮಾರಿ ಅಂತು, ಇವರು ಬೇಡ ಅಂದ್ರು. ಅದಕ್ಕೂ ಮುಂಚೆ ಫೇಸ್‌ಬುಕ್ 'ಪೋಕ್' ಅಂತ ಒಂದು ನಕಲು ಆಪ್ ಮಾಡಿ ಸೋತಿತ್ತು. ಕೊನೆಗೆ 2016ರ ಆಗಸ್ಟ್‌ನಲ್ಲಿ ಇನ್‌ಸ್ಟಾಗ್ರಾಂ ಅದೇ ಸ್ಟೋರೀಸ್ ಅನ್ನ ಅದೇ ಹೆಸರಲ್ಲಿ ತಂತು. ಇದರ ಶ್ರೇಯ ಸ್ನ್ಯಾಪ್‌ಚಾಟ್‌ನೋರಿಗೇ ಸಲ್ಲಬೇಕು ಅಂತ ಇನ್‌ಸ್ಟಾಗ್ರಾಂ ಸ್ಥಾಪಕ ಕೆವಿನ್ ಸಿಸ್ಟ್ರೋಮ್ ಅವರೇ ಒಪ್ಕೊಂಡ್ರು. ಇವತ್ತು ನಮ್ಮಮ್ಮ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕೋ ಗುರುರಾಯರ ಫೋಟೋ 24 ಗಂಟೆಗೆ ಹೋಗುತ್ತಲ್ಲ, ಅದರ ಮೂಲ ಕೂಡ ಅಲ್ಲೇ. ಅಮ್ಮನಿಗೆ ಹೇಳಿದೆ. "ಹೌದಾ, ರಾಯರ ಮಹಿಮೆ" ಅಂದ್ರು.

2015ರ ಸೆಪ್ಟೆಂಬರ್‌ನಲ್ಲಿ ಲೆನ್ಸ್ ಬಂತು. ಉಕ್ರೇನ್ ಮೂಲದ ಲುಕ್ಸರಿ ಅನ್ನೋ ಕಂಪನಿಯನ್ನ ಕೊಂಡು ಅದರ ತಂತ್ರಜ್ಞಾನ ಇಲ್ಲಿಗೆ ಹಾಕಿದ್ರು. ಕ್ಯಾಮೆರಾ ಮುಖದ ಮೇಲೆ ಕಣ್ಣು, ಮೂಗು, ತುಟಿ, ದವಡೆ ಎಲ್ಲಿದೆ ಅಂತ ಗುರುತು ಹಾಕ್ಕೊಳ್ಳುತ್ತೆ, ಆ ಗುರುತಿನ ಮೇಲೆ ಬಲೆ ಥರ ಒಂದು ಮುಖವಾಡ ಹೊದಿಸುತ್ತೆ, ನೀವು ಬಾಯಿ ತೆಗೆದ್ರೆ ಅದೂ ತೆಗೆಯುತ್ತೆ. ಕಾಮನಬಿಲ್ಲು ವಾಂತಿ ಮಾಡೋದು, ನಾಯಿ ಕಿವಿ, ನಾಯಿ ನಾಲಿಗೆ ಎಲ್ಲ ಇದರದ್ದೇ. ನಮ್ಮ ತಾತಂಗೆ ನಾಯಿ ಲೆನ್ಸ್ ಹಾಕಿ ತೋರಿಸಿದಾಗ ಅವರು ನಕ್ಕಿದ್ದನ್ನ ನಾನು ಇವತ್ತಿಗೂ ಮರೆತಿಲ್ಲ. ಅದು ತಮಾಷೆ. ತಮಾಷೆಗೆ ನನ್ನ ತಕರಾರಿಲ್ಲ.

ತಕರಾರು ಇರೋದು "ಚೆಂದ ಮಾಡೋ" ಲೆನ್ಸ್‌ಗಳ ಬಗ್ಗೆ. ಮೂಗು ಸಣ್ಣ ಮಾಡಿ, ದವಡೆ ಕೆತ್ತಿ, ಚರ್ಮ ಬೆಳ್ಳಗೆ ಮಾಡೋ ಫಿಲ್ಟರ್‌ಗಳ ಬಗ್ಗೆ 2016ರಲ್ಲೇ ಬೇರೆ ದೇಶಗಳ ಕಪ್ಪು ಹುಡುಗಿಯರು ಕೇಳಿದ್ರು, ಚೆಂದ ಅಂದ್ರೆ ಬಿಳಿ ಅಂತ ಯಾರು ಹೇಳಿದ್ದು ಅಂತ. 2018ರ ಹೊತ್ತಿಗೆ "ಫಿಲ್ಟರ್‌ನಲ್ಲಿ ಕಾಣೋ ಥರ ನನ್ನ ಮುಖ ಮಾಡಿಕೊಡಿ" ಅಂತ ಪ್ಲಾಸ್ಟಿಕ್ ಸರ್ಜನ್ ಹತ್ರ ಬರೋರ ಬಗ್ಗೆ ವೈದ್ಯರು ಬರೆದ್ರು, ಅದಕ್ಕೆ 'ಸ್ನ್ಯಾಪ್‌ಚಾಟ್ ಡಿಸ್ಮಾರ್ಫಿಯಾ' ಅನ್ನೋ ಹೆಸರೂ ಬಂತು. ನಾನು ಕಪ್ಪಗಿದ್ದೀನಿ. ಮನೇಲಿ "ಲಕ್ಷಣವಾಗಿದ್ದಾಳೆ" ಅಂತಾರೆ. ಅದರ ಅರ್ಥ ಏನು ಅಂತ ಕಪ್ಪಗಿರೋ ಎಲ್ಲ ಹುಡುಗೀರಿಗೂ ಗೊತ್ತು. ಸೆಕೆಂಡ್ ಪಿಯುಸಿಲಿ ಪೂರ್ತಿ ಒಂದು ವರ್ಷ ನಾನು ಲೆನ್ಸ್ ಇಲ್ಲದ ಸೆಲ್ಫಿ ಒಂದೂ ತೆಗೆದಿಲ್ಲ. ಆ ವರ್ಷದ ನನ್ನ ನಿಜವಾದ ಮುಖ ಇರೋದು ಹಾಲ್ ಟಿಕೆಟ್ ಮೇಲೆ ಮಾತ್ರ. ಯಾರೂ ಒತ್ತಾಯ ಮಾಡಿರ್ಲಿಲ್ಲ, ನಾನೇ ಹಾಕ್ಕೊಂಡಿದ್ದು. ಆದ್ರೆ ಮೊಡವೆ ಮುಖ ಧೈರ್ಯವಾಗಿ ಕಳಿಸೋಕೆ ಅಂತ ಬಂದ ಜಾಗದಲ್ಲೇ ಮುಖ ಮುಚ್ಕೊಂಡು ಕೂರೋದು ವಿಚಿತ್ರ ಅಲ್ವಾ?

ಮ್ಯಾಪ್ ಬಗ್ಗೆ ಎರಡೇ ಮಾತು. 2017ರಲ್ಲಿ ಬಂತು, ಫ್ರೆಂಡ್ಸ್ ಎಲ್ಲಿದ್ದಾರೆ ಅಂತ ನಕ್ಷೆ ಮೇಲೆ ಬೊಂಬೆ ತೋರಿಸುತ್ತೆ. ಘೋಸ್ಟ್ ಮೋಡ್ ಹಾಕಿದ್ರೆ ನೀವು ಕಾಣಲ್ಲ. ಹಾಕ್ಕೊಳ್ಳಿ.

(5/8)

ಈ ಪೋಸ್ಟ್ ಬರೆಯೋಕೆ ನಂಗೆ ನಾಲ್ಕು ದಿನ ಹಿಡೀತು.

ಆ 412 ದಿನದ ಸ್ಟ್ರೀಕ್ ಇದ್ದಿದ್ದು ನನ್ನ ಪಿಯು ಫ್ರೆಂಡ್ ಜೊತೆ. ಹೆಸರು ಹೇಳಲ್ಲ, ಅವಳಿಗೆ ತೋರಿಸಿ ಅವಳು ಸರಿ ಅಂದ ಮೇಲೇ ಇದನ್ನ ಹಾಕ್ತಿರೋದು. ಇಬ್ಬರೂ ಒಂದೇ ಬೆಂಚು. ಡಿಗ್ರಿಗೆ ನಾನು ತುಮಕೂರಲ್ಲಿ ಒಂದು ಕಾಲೇಜು, ಅವಳು ಅವರೂರಿಗೆ ಹತ್ರ ಇರೋ ಇನ್ನೊಂದು. ದಿನಾ ನೋಡೋಕಾಗಲ್ಲ, ಸ್ಟ್ರೀಕ್ ಇಡೋಣ ಕಣೆ ಅಂತ ಅವಳೇ ಶುರು ಮಾಡಿದ್ದು. ಮೊದಮೊದಲು ನಿಜವಾದ ಸ್ನ್ಯಾಪ್ ಬರ್ತಿತ್ತು. ಬಸ್ಸಲ್ಲಿ ಸೀಟು ಸಿಕ್ಕಿದ್ದು, ಅವರಮ್ಮ ಮಾಡಿದ ಕಾಯಿ ಒಬ್ಬಟ್ಟು, ಕ್ಲಾಸಲ್ಲಿ ನಿದ್ದೆ ಮಾಡ್ತಿರೋ ಹುಡುಗನ ಬೆನ್ನು. ನೂರು ದಿನ ದಾಟೋ ಹೊತ್ತಿಗೆ ನಂದು ಫ್ಯಾನ್ ಆಯ್ತು, ಅವಳದು ಗೋಡೆ.

ನಮ್ಮ ಸೆಮಿಸ್ಟರ್ ಎಕ್ಸಾಂ ಟೈಮಲ್ಲಿ ನಾನೇ ನನ್ನ ಫೋನನ್ನ ತಂಗಿಗೆ ಕೊಟ್ಟಿದ್ದೆ, ಓದೋಕೆ ತೊಂದರೆ ಆಗುತ್ತೆ ಅಂತ. ಕೊಡುವಾಗ ಹೇಳಿದ್ದು ಒಂದೇ ಮಾತು: "ರಾತ್ರಿ ಒಂದ್ಸಲ ಎಲ್ಲರದ್ದೂ ಓಪನ್ ಮಾಡಿ, ಫ್ಯಾನ್ ತೆಗೆದು ಎಸ್ ಹಾಕಿ ಎಲ್ಲರಿಗೂ ಕಳಿಸ್ಬಿಡು, ಸ್ಟ್ರೀಕ್ ಹೋಗ್ಬಾರ್ದು." ಪಾಪ, ಅವಳು ಹೇಳಿದ ಹಾಗೇ ಮಾಡಿದ್ಲು. ಹದಿನೈದು ದಿನ, ಒಂದು ದಿನವೂ ತಪ್ಪಿಸಲಿಲ್ಲ. ಹನ್ನೊಂದು ಸ್ನ್ಯಾಪ್ ಟಕಟಕ ಅಂತ ಒತ್ತೋದು, ಹನ್ನೊಂದು ಜನಕ್ಕೆ ಫ್ಯಾನ್.

ಎಕ್ಸಾಂ ಮುಗೀತು, ಫೋನ್ ವಾಪಸ್ ಬಂತು, ಬೆಂಕಿ ಎಲ್ಲ ಉರೀತಿತ್ತು. ಖುಷಿ ಆಯ್ತು ನಂಗೆ.

ಶಿವರಾತ್ರಿ ಟೈಮಲ್ಲಿ ಸಿದ್ಧಗಂಗೆ ಜಾತ್ರೆಗೆ ಹೋದಾಗ ಅವಳು ಸಿಕ್ಕಿದ್ಲು. ದನದ ಜಾತ್ರೆ ಕಡೆಯಿಂದ ಅವರಪ್ಪನ ಜೊತೆ ಬರ್ತಿದ್ಲು. ಓಡಿಹೋಗಿ ತಬ್ಬಿಕೊಂಡೆ. ಅವಳು ಸ್ವಲ್ಪ ಬಿಗಿಯಾಗೇ ಇದ್ಲು. ಕಾಲೇಜ್ ಹೇಗಿದೆ ಅಂದೆ. "ಬಿಟ್ಟು ಎರಡು ತಿಂಗಳಾಯ್ತಲ್ಲ" ಅಂದ್ಲು. ನಂಗೆ ತಲೆ ಬುಡ ಗೊತ್ತಾಗಲಿಲ್ಲ. ಯಾಕೆ ಹೇಳಲಿಲ್ಲ ಅಂದೆ.

"ಹೇಳಿದ್ನಲ್ಲ. ನೀನು ನೋಡ್ದೆ. ಫ್ಯಾನ್ ಕಳಿಸ್ದೆ."

ಅವಳು ಒಂದು ರಾತ್ರಿ ಗೋಡೆ ಫೋಟೋ ಮೇಲೇ ಬರೆದು ಕಳಿಸಿದ್ಲಂತೆ: ಅಪ್ಪ ಕಾಲೇಜು ಬಿಡು ಅಂತಿದ್ದಾರೆ, ನಾಳೆ ಟಿಸಿ ತರೋಕೆ ಹೋಗ್ತಾರೆ, ಇವತ್ತು ಒಂದ್ಸಲ ಫೋನ್ ಮಾಡ್ತೀಯಾ ಅಂತ. ನಮ್ಮಪ್ಪ ಅವರಪ್ಪಂಗೆ ಪರಿಚಯ. ನಮ್ಮಪ್ಪ ಒಂದು ಮಾತು ಹೇಳಿದ್ರೆ ಕೇಳಬಹುದೇನೋ ಅನ್ನೋದು ಅವಳ ಆಸೆ. ತಂಗಿ ಅದನ್ನ ಒತ್ತಿದ್ದಾಳೆ, ಓದದೇ ಮುಂದಿನದಕ್ಕೆ ಹೋಗಿದ್ದಾಳೆ. ಅದು ಹೋಯ್ತು. ಆ ಕಡೆ 'ಓಪನ್ಡ್' ಅಂತ ಬಂತು. ಎರಡು ನಿಮಿಷಕ್ಕೆ ಫ್ಯಾನ್ ಹೋಯ್ತು, ಮೇಲೆ ಎಸ್.

ಅದಾದ ಮೇಲೂ ಎರಡು ತಿಂಗಳು ನಾವಿಬ್ಬರೂ ಸ್ಟ್ರೀಕ್ ಮುಂದುವರೆಸಿದ್ವಿ! ಅವಳು ಗೋಡೆ, ನಾನು ಫ್ಯಾನ್. ಅವಳ ಮನಸ್ಸಲ್ಲಿ ನಾನು ಏನಾಗಿಹೋಗಿದ್ದೆ ಅಂತ ಗೊತ್ತೇ ಇಲ್ಲದೆ ನಾನು ದಿನಾ ಬೆಂಕಿ ನೋಡಿ ನಮ್ಮ ಸ್ನೇಹ ಚೆನ್ನಾಗಿದೆ ಅಂದ್ಕೊಂಡಿದ್ದೆ. ನೀನ್ಯಾಕೆ ಸ್ಟ್ರೀಕ್ ಬಿಡ್ಲಿಲ್ಲ ಅಂತ ಕೇಳ್ದೆ. "ಬಿಟ್ರೆ ಎಲ್ಲಾ ಮುಗಿದೇ ಹೋಗುತ್ತೆ ಅನ್ನಿಸ್ತು" ಅಂದ್ಲು.

ತಪ್ಪು ನಂದು. ತಂಗಿದಲ್ಲ, ಆಪ್‌ದೂ ಅಲ್ಲ. ಫೋನ್ ಕೊಟ್ಟಿದ್ದು ನಾನು, ಸ್ನೇಹ ನೋಡ್ಕೊಳ್ಳೋ ಕೆಲಸನ ಇನ್ನೊಬ್ಬರಿಗೆ ವಹಿಸಿದ್ದು ನಾನು.

(6/8)

ಆದ್ರೆ ಸ್ಟ್ರೀಕ್ ಅನ್ನೋದು ಏನನ್ನ ಎಣಿಸುತ್ತೆ ಅಂತ ನಾನು ಆಮೇಲೆ ಕೂತು ಯೋಚಿಸಿದೆ. ನೀವೂ ಯೋಚಿಸಿ.

ಇಬ್ಬರೂ ಎರಡು ಗಂಟೆ ಚಾಟ್ ಮಾಡಿ, ಸ್ಟ್ರೀಕ್‌ಗೆ ಲೆಕ್ಕಕ್ಕಿಲ್ಲ. ಗ್ರೂಪ್‌ಗೆ ಫೋಟೋ ಹಾಕಿ, ಲೆಕ್ಕಕ್ಕಿಲ್ಲ. ಫೋನ್ ಮಾಡಿ ಅಳ್ತಾ ಮಾತಾಡಿ, ಲೆಕ್ಕಕ್ಕಿಲ್ಲ. ಅವಳ ಮನೆಗೇ ಹೋಗಿ ಇಡೀ ದಿನ ಜೊತೆಗಿದ್ದು, ಇಬ್ಬರೂ ಫೋನ್ ಮುಟ್ಟದೇ ಇದ್ರೆ ಸ್ಟ್ರೀಕ್ ಹೋಗುತ್ತೆ! ನೇರವಾಗಿ ಒಬ್ಬರಿಗೆ ಕಳಿಸಿದ ಸ್ನ್ಯಾಪ್ ಮಾತ್ರ ಲೆಕ್ಕ. ಅದರಲ್ಲಿ ಏನಿದೆ ಅನ್ನೋದು ಮುಖ್ಯ ಅಲ್ಲ. ಫ್ಯಾನ್ ಆದ್ರೂ ಸರಿ, ಕತ್ತಲೆ ಆದ್ರೂ ಸರಿ.

ಬಿಕಾಂ ಮೊದಲನೇ ಸೆಮ್‌ನಲ್ಲಿ ನಮಗೆ ಹೇಳಿಕೊಡೋ ಒಂದು ಪಾಠ ಇದೆ: ದುಡ್ಡಲ್ಲಿ ಅಳೆಯೋಕಾಗೋದನ್ನ ಮಾತ್ರ ಪುಸ್ತಕಕ್ಕೆ ಬರೀಬೇಕು. ಅಂಗಡಿ ಮಾಲೀಕನ ಒಳ್ಳೆ ಗುಣ, ಕೆಲಸದವರ ನಿಯತ್ತು ಬ್ಯಾಲೆನ್ಸ್ ಶೀಟ್‌ಗೆ ಬರಲ್ಲ. ಮೇಷ್ಟ್ರು ಅದನ್ನ ಅಕೌಂಟಿಂಗ್‌ನ ಮಿತಿ ಅಂತಲೇ ಹೇಳಿಕೊಡ್ತಾರೆ, ಪರೀಕ್ಷೆಗೂ ಬರುತ್ತೆ. ಸ್ನ್ಯಾಪ್‌ಚಾಟ್ ಸ್ನೇಹಕ್ಕೂ ಇಂಥದ್ದೇ ಪುಸ್ತಕ ಇಡ್ತು, ಮಿತಿ ಇದೆ ಅಂತ ಮಾತ್ರ ಹೇಳಲಿಲ್ಲ. ಮೊದಲಿಗೆ ಈ ಆಪ್‌ನ ಚೆಂದ ಏನಿತ್ತು? ಲೆಕ್ಕ ಇಲ್ಲದೇ ಇರೋದು. ಕಳಿಸಿದೆ, ನಕ್ಕೆ, ಹೋಯ್ತು. ಫೋಟೋ ಈಗಲೂ ಹೋಗುತ್ತೆ, ಆದ್ರೆ ಕಳಿಸಿದ್ದಕ್ಕೆ ರಸೀದಿ ಉಳಿಯುತ್ತೆ. ಇರಬೇಕಾದ್ದು ಮಾಯ ಆಗಿ, ಇರಬಾರದ್ದು ಉಳ್ಕೊಂಡ ಹಾಗೆ.

ಸ್ಟ್ರೀಕ್ ಒಂದೇ ಅಲ್ಲ. ಮೊದಲು ಯಾರ ಬೆಸ್ಟ್ ಫ್ರೆಂಡ್ಸ್ ಯಾರು ಅನ್ನೋ ಪಟ್ಟಿ ಎಲ್ಲರಿಗೂ ಕಾಣ್ತಿತ್ತು. ಎಷ್ಟು ಜಗಳ ಆಗಿರಬಹುದು ಊಹಿಸಿ. 2015ರಲ್ಲಿ ತೆಗೆದ್ರು, ಜಾಗಕ್ಕೆ ಎಮೋಜಿ ಬಂತು. ಇಬ್ಬರೂ ಒಬ್ಬರಿಗೊಬ್ಬರು ನಂಬರ್ ಒನ್ ಆದ್ರೆ ಹಳದಿ ಹೃದಯ, ಎರಡು ವಾರ ಹಾಗೇ ಇದ್ರೆ ಕೆಂಪು, ಎರಡು ತಿಂಗಳಾದ್ರೆ ಗುಲಾಬಿ. ಆಮೇಲೆ ದುಡ್ಡು ಕೊಡೋರಿಗೆ 'ಫ್ರೆಂಡ್ ಸೋಲಾರ್ ಸಿಸ್ಟಂ' ಬಂತು. ನಿಮ್ಮ ಫ್ರೆಂಡ್ ಸೂರ್ಯ, ನೀವು ಅವರ ಸುತ್ತ ಎಷ್ಟನೇ ಗ್ರಹ ಅಂತ ತೋರಿಸೋದು. ಬುಧ ಅಂದ್ರೆ ಮೊದಲನೇ ಸ್ಥಾನ, ನೆಪ್ಚೂನ್ ಅಂದ್ರೆ ಎಂಟನೇದು. ಹದಿನಾರು ವರ್ಷದ ಮಕ್ಕಳಿಗೆ ನೀನು ನಿನ್ನ ಗೆಳತಿಗೆ ನೆಪ್ಚೂನ್ ಅಂತ ಹೇಳೋದು ಯಾವ ನ್ಯಾಯ? ಟೀಕೆ ಬಂದ ಮೇಲೆ 2024ರಲ್ಲಿ ಅದನ್ನ ತಾನಾಗೇ ಆನ್ ಆಗದ ಹಾಗೆ ಮಾಡಿದ್ರು, ಬೇಕಾದೋರು ಆನ್ ಮಾಡ್ಕೊಬಹುದು. ಪೂರ್ತಿ ತೆಗೀಲಿಲ್ಲ.

ತೆಗೆದಿದ್ದೂ ಇದೆ, ಅದನ್ನೂ ಹೇಳ್ಬೇಕು. ಎಷ್ಟು ವೇಗದಲ್ಲಿ ಹೋಗ್ತಿದ್ದೀರ ಅಂತ ಫೋಟೋ ಮೇಲೆ ತೋರಿಸೋ ಸ್ಪೀಡ್ ಫಿಲ್ಟರ್ ಇತ್ತು. ಅಪಘಾತಗಳಾಗಿ, ಕೇಸ್‌ಗಳಾಗಿ, 2021ರಲ್ಲಿ ಅದನ್ನ ಕಿತ್ತುಹಾಕಿದ್ರು. ನಮ್ಮ ಹೈವೇಲಿ ಬೈಕ್ ಓಡಿಸೋ ಹುಡುಗರ ಕೈಗೆ ಅದು ಇವತ್ತು ಇಲ್ಲ ಅನ್ನೋದೇ ಸಮಾಧಾನ.

(7/8)

ಯಾಕೆ ಹೀಗೆ ಮಾಡ್ತಾರೆ? ಕೆಟ್ಟೋರು ಅಂತಾನಾ? ನಂಗೆ ಹಾಗನ್ಸಲ್ಲ. ಲೆಕ್ಕ ನೋಡಿ.

2017ರ ಮಾರ್ಚ್‌ನಲ್ಲಿ ಸ್ನ್ಯಾಪ್ ಕಂಪನಿ ನ್ಯೂಯಾರ್ಕ್ ಷೇರು ಮಾರುಕಟ್ಟೆಗೆ ಬಂತು, ಒಂದು ಷೇರಿಗೆ 17 ಡಾಲರ್. ವಿಶೇಷ ಏನಂದ್ರೆ ಜನಕ್ಕೆ ಮಾರಿದ ಆ ಷೇರಿಗೆ ವೋಟೇ ಇಲ್ಲ. ಕಂಪನಿ ಕಾಯ್ದೆ ಕ್ಲಾಸಲ್ಲಿ ನಾವು ಓದ್ತೀವಲ್ಲ, ಈಕ್ವಿಟಿ ಷೇರುದಾರ ಅಂದ್ರೆ ಮಾಲೀಕ, ಅವನಿಗೆ ಮತದ ಹಕ್ಕಿದೆ ಅಂತ? ಅಲ್ಲಿ ದುಡ್ಡು ಹಾಕಿದೋರಿಗೆ ಅದೂ ಇರಲಿಲ್ಲ, ಹಿಡಿತ ಸ್ಥಾಪಕರಿಬ್ಬರ ಕೈಲೇ ಉಳೀತು. ಷೇರು ಬೆಲೆ 2021ರಲ್ಲಿ 80 ಡಾಲರ್ ದಾಟ್ತು, ಮುಂದಿನ ವರ್ಷವೇ 10ರ ಕೆಳಗೆ ಬಿತ್ತು. 2024ರವರೆಗೆ ಒಂದೇ ಒಂದು ಪೂರ್ತಿ ವರ್ಷ ಕೂಡ ಈ ಕಂಪನಿ ಲಾಭ ತೋರಿಸಿಲ್ಲ. ಆದಾಯ ಬರೋದು ಬಹುಪಾಲು ಜಾಹೀರಾತಿನಿಂದ. ಜಾಹೀರಾತಿನವರು ಕೇಳೋದು ಒಂದೇ, ನಿಮ್ಮ ಆಪನ್ನ ದಿನಾ ಎಷ್ಟು ಜನ ತೆಗೀತಾರೆ ಅಂತ. ಈಗ ನಮ್ಮ ಬೆಳಗಿನ ಫ್ಯಾನ್ ಫೋಟೋ ಯಾರಿಗೆ ಉಪಯೋಗ ಅಂತ ಗೊತ್ತಾಯ್ತಾ?

ಜಾಹೀರಾತು ಸಾಲದೇ ಚಂದಾ ಬಂತು. 2022ರ ಜೂನ್‌ನಲ್ಲಿ ಸ್ನ್ಯಾಪ್‌ಚಾಟ್ ಪ್ಲಸ್, ಅಮೆರಿಕದಲ್ಲಿ ತಿಂಗಳಿಗೆ 3.99 ಡಾಲರ್. ಆಗಸ್ಟ್‌ನಲ್ಲಿ ಭಾರತಕ್ಕೆ ಬಂದಾಗ 49 ರೂಪಾಯಿ. ನಮ್ಮ ಜೇಬು ನೋಡಿ ಬೆಲೆ ಇಟ್ಟಿದ್ದಾರೆ, ತಪ್ಪೇನಿಲ್ಲ, ಇದಕ್ಕೆ ಪುಸ್ತಕದಲ್ಲಿ ಬೆಲೆ ತಾರತಮ್ಯ ಅಂತಲೇ ಹೆಸರಿದೆ. ಹೋದ ಸ್ಟ್ರೀಕ್ ವಾಪಸ್ ತರೋಕೂ ದುಡ್ಡು ಕೊಡೋ ದಾರಿ ಇದೆ. 2023ರಲ್ಲಿ 'ಮೈ ಎಐ' ಅನ್ನೋ ಚಾಟ್‌ಬಾಟ್ ತಂದು ಎಲ್ಲರ ಚಾಟ್ ಪಟ್ಟಿಯ ತುದಿಯಲ್ಲಿ ಕೂರಿಸಿದ್ರು. ಶುರುವಲ್ಲಿ ಅದನ್ನ ಅಲ್ಲಿಂದ ಎಬ್ಬಿಸೋಕೆ ಪ್ಲಸ್ ಇದ್ದೋರಿಗೆ ಮಾತ್ರ ಆಗ್ತಿತ್ತು. ಮನೆಗೆ ಕರೆಯದೇ ಬಂದ ನೆಂಟನನ್ನ ಕಳಿಸೋಕೆ ನಾವೇ ಬಸ್ ಚಾರ್ಜ್ ಕೊಟ್ಟ ಹಾಗಾಯ್ತು.

ನಂಗೆ ಎಲ್ಲಕ್ಕಿಂತ ಮಜಾ ಅನ್ಸಿದ್ದು ಮೆಮೊರೀಸ್ ವಿಷಯ. 2016ರಲ್ಲಿ ಬಂತು, ಬೇಕಾದ ಸ್ನ್ಯಾಪ್ ಉಳಿಸ್ಕೊಳ್ಳೋ ಜಾಗ. ಜನ ತುಂಬಿದ್ರು, ತುಂಬಿದ್ರು. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ಹೇಳ್ತು: 5 ಜಿಬಿ ದಾಟಿದೋರು ಇನ್ಮುಂದೆ ದುಡ್ಡು ಕೊಡಬೇಕು, ಈಗಾಗಲೇ ದಾಟಿರೋರಿಗೆ 12 ತಿಂಗಳ ಕಾಲಾವಕಾಶ. ಮಾಯ ಆಗೋದನ್ನ ಫ್ರೀಯಾಗಿ ಕೊಟ್ಟು ಬೆಳೆದ ಅಂಗಡಿ, ಮಾಯ ಆಗದೇ ಇರೋದನ್ನ ಬಾಡಿಗೆಗೆ ಕೊಡ್ತಿದೆ. ಸರ್ವರ್‌ಗೆ ಖರ್ಚಿದೆ, ಒಪ್ತೀನಿ. ವ್ಯಾಪಾರ ವ್ಯಾಪಾರವೇ. ಆದ್ರೆ ನೆನಪೆಲ್ಲ ಒಂದೇ ಕಡೆ ಇಟ್ಟು ಮರೆತಿರೋ ಹುಡುಗ ಹುಡುಗೀರು ನಮ್ಮ ಕ್ಲಾಸಲ್ಲೇ ಇಪ್ಪತ್ತು ಜನ ಇದ್ದಾರೆ, ಅವರಲ್ಲಿ ಈ ಸುದ್ದಿ ಗೊತ್ತಿದ್ದಿದ್ದು ಮೂವರಿಗೆ. ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮದು ಎಷ್ಟಿದೆ ನೋಡಿ, ಬೇಕಾದ್ದನ್ನ ಫೋನಿಗೆ ಇಳಿಸ್ಕೊಳ್ಳಿ. ತಾತನ ನಾಯಿ ಕಿವಿ ವಿಡಿಯೋ ನಂದು ಅಲ್ಲೇ ಇತ್ತು. ಅವರೀಗ ಇಲ್ಲ. ಮೊದಲು ಇಳಿಸಿಕೊಂಡಿದ್ದು ಅದನ್ನೇ.

ನಮ್ಮ ದೇಶಕ್ಕೂ ಈ ಆಪ್‌ಗೂ ಒಂದು ಹಳೆ ಜಗಳ ಇದೆ, ನೆನಪಿದ್ಯಾ? 2017ರಲ್ಲಿ, ಸ್ಪೀಗೆಲ್ ಅವರು ಭಾರತದಂಥ ಬಡ ದೇಶಕ್ಕೆ ಹೋಗೋ ಆಸೆ ಇಲ್ಲ ಅಂದಿದ್ರು ಅಂತ ಅವರ ಕಂಪನಿಯ ಮಾಜಿ ಉದ್ಯೋಗಿಯೊಬ್ಬರು ಕೋರ್ಟಿನ ಕಾಗದದಲ್ಲಿ ಆರೋಪ ಮಾಡಿದ್ರು. ಕಂಪನಿ ಅದನ್ನ ನಿರಾಕರಿಸ್ತು. ನಮ್ಮೋರು ಮಾತ್ರ ಸಿಟ್ಟಾಗಿ ಆಪ್‌ಗೆ ಒಂದು ಸ್ಟಾರ್ ಕೊಡೋಕೆ ಹೋದ್ರು, ಅದರಲ್ಲಿ ಸುಮಾರು ಜನ ಹೆಸರು ತಪ್ಪಿ ಸ್ನ್ಯಾಪ್‌ಡೀಲ್‌ಗೆ ಕೊಟ್ಟು ಬಂದ್ರು. ಪಾಪ ಸ್ನ್ಯಾಪ್‌ಡೀಲ್ ಏನ್ ಮಾಡಿತ್ತು! 2023ರ ಹೊತ್ತಿಗೆ ಇದೇ ಬಡ ದೇಶದಲ್ಲಿ ತಿಂಗಳಿಗೆ 20 ಕೋಟಿ ಜನ ಉಪಯೋಗಿಸ್ತಿದ್ದಾರೆ ಅಂತ ಅದೇ ಕಂಪನಿ ಹೆಮ್ಮೆಯಿಂದ ಹೇಳ್ಕೊಂಡಿತು. ಆಪ್‌ನ ಭಾಷೆ ಕನ್ನಡಕ್ಕೂ ಬದಲಾಯಿಸಬಹುದು. ನಾನು ಬದಲಾಯಿಸಿದ್ದೀನಿ.

(8/8)

ಹಾಗಾದ್ರೆ ಆಪ್ ಡಿಲೀಟ್ ಮಾಡಿದ್ಯಾ ಅಂತ ಕೇಳ್ತೀರ. ಇಲ್ಲ.

ಕ್ಯಾಮೆರಾ ನಂಗೆ ಈಗಲೂ ಬೇಕು. ಕೆಟ್ಟ ಮುಖ ಕಳಿಸೋಕೆ ಒಂದು ಜಾಗ ಬೇಕು. ಚಿಕ್ಕಮ್ಮನ ಬೆರಳಿಗೆ ಸಿಗದ ಒಂದು ಕೋಣೆ ಬೇಕು. ಬಿಟ್ಟಿದ್ದು ಸ್ಟ್ರೀಕ್ ಮಾತ್ರ, ಹನ್ನೊಂದನ್ನೂ ಒಂದೇ ದಿನ ಬಿಟ್ಟೆ. ಇಬ್ಬರು ಸಿಟ್ಟಾದ್ರು. ಒಬ್ಬಳು "ಏನೇ, ದೊಡ್ಡವಳಾದ್ಯಾ?" ಅಂದ್ಲು. ಆರು ಜನ ಗಮನಿಸಲೂ ಇಲ್ಲ, ಅವರ ಕಡೆಯಿಂದ ಈಗಲೂ ಗೋಡೆ, ಮೇಜು, ಕತ್ತಲೆ ಬರ್ತಾನೇ ಇದೆ. ಅವರಲ್ಲಿ ಎಷ್ಟು ಜನದ್ದು ಅವರ ತಮ್ಮ ತಂಗಿ ಕಳಿಸ್ತಿದ್ದಾರೋ!

ನನ್ನ ಅಭಿಪ್ರಾಯ ಕೇಳಿದ್ರೆ, ಸ್ಟ್ರೀಕ್ ಇಡೋ ಹಕ್ಕು ಇರಲಿ, ಆದ್ರೆ ಸಂಖ್ಯೆ ಕಾಣದ ಹಾಗೆ ಮಾಡೋಕೆ ಒಂದು ಬಟನ್ ಎಲ್ಲರಿಗೂ ಸುಲಭವಾಗಿ ಸಿಗಬೇಕು, ಅದೂ ಫ್ರೀಯಾಗಿ. ಚಾಟ್ ಮಾಡಿದ್ದನ್ನೂ ಫೋನ್ ಮಾಡಿದ್ದನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತ ನಾನು ಕೇಳಲ್ಲ. ತಗೊಂಡ್ರೆ ನಾವು ಫೋನನ್ನೂ ಫ್ಯಾನ್ ಥರಾನೇ ಮಾಡಿಬಿಡ್ತೀವಿ.

ಅವಳ ವಿಷಯ. ಜಾತ್ರೆ ಆದ ಮಾರನೇ ದಿನ ನಮ್ಮಪ್ಪ ಅವರ ಮನೆಗೆ ಹೋಗಿ ಬಂದ್ರು. ರೆಗ್ಯುಲರ್ ಕಾಲೇಜಿಗೆ ಈ ವರ್ಷ ಆಗಲ್ಲ, ಆ ಬಾಗಿಲು ಮುಚ್ಚಿದೆ. ಮುಕ್ತ ವಿಶ್ವವಿದ್ಯಾಲಯಕ್ಕೆ ಕಟ್ಟಿಸೋಣ ಅನ್ನೋವರೆಗೆ ಅವರಪ್ಪ ಬಂದಿದ್ದಾರೆ. ಅವಳೀಗ ಒಂದು ಮೆಡಿಕಲ್ ಶಾಪಲ್ಲಿ ಬಿಲ್ಲಿಂಗ್ ಮಾಡ್ತಾಳೆ, ರಾತ್ರಿ ಎಂಟೂವರೆಗೆ ಬಿಡುವು. ನಾನು ಆವಾಗ ಫೋನ್ ಮಾಡ್ತೀನಿ. ದಿನಾ ಅಲ್ಲ. ಕಳೆದ ವಾರ ಎರಡು ಸಲ, ಈ ವಾರ ಇನ್ನೂ ಮಾಡಿಲ್ಲ, ಇವತ್ತು ಮಾಡ್ಬೇಕು.

ಇನ್ನೂ ಪೂರ್ತಿ ಸರಿಹೋಗಿಲ್ಲ ಅಂತ ಗೊತ್ತಾಗುತ್ತೆ. ಮಾತಿನ ಮಧ್ಯೆ ಒಂದೊಂದ್ಸಲ ಸುಮ್ಮನಾಗ್ತಾಳೆ. ನಾನೂ ಸುಮ್ಮನೆ ಕಾಯ್ತೀನಿ.

ಈಗ ನಿಮ್ಮ ಸರದಿ. ಸ್ನ್ಯಾಪ್‌ಚಾಟ್ ತೆಗೆದು ನಿಮ್ಮ ಅತಿ ದೊಡ್ಡ ಸ್ಟ್ರೀಕ್ ಯಾರ ಜೊತೆ, ಎಷ್ಟು ದಿನ ಅಂತ ನೋಡಿ. ಅವರ ಧ್ವನಿ ಕೇಳಿ ಎಷ್ಟು ದಿನ ಆಯ್ತು? ಎರಡು ಸಂಖ್ಯೆನೂ ಕಾಮೆಂಟ್‌ನಲ್ಲಿ ಹಾಕಿ, ಹೆಸರು ಬೇಡ. ಮೊದಲನೇ ಕಾಮೆಂಟ್ ನಂದೇ ಹಾಕಿದ್ದೀನಿ: 412, 57.

#ಕನ್ನಡದಲ್ಲಿಬರೆಯಿರಿ #ಸ್ಟ್ರೀಕ್ #ಬಿಕಾಂಹುಡುಗಿ